ಅಕ್ಕ ಓದುವ ತುಟಿ

ನನ್ನ ಮೇಲ್ತುಟಿ ಎಲ್ಲಿ ಹೋಯ್ತು ಅಂತ ನನಗೆ ಗೊತ್ತಿಲ್ಲ. ಮದುವೆ ಫೋಟೋದಲ್ಲಿ ಇದೆ, ನೋಡಿದ್ದೀನಿ. ಈಗ ನಲವತ್ತೇಳಕ್ಕೆ ಬಂದು ಕನ್ನಡಿ ಮುಂದೆ ನಿಂತರೆ ಮೂಗಿನ ಕೆಳಗೆ ಒಂದು ಗೆರೆ, ಅಷ್ಟೇ. ಬೇರೆ ಹೆಂಗಸರಿಗೆ ಇದು ಅಂದಚೆಂದದ ವಿಷಯ ಇರಬಹುದು. ನನಗೆ ಅನ್ನ ನೀರಿನ ವಿಷಯ. ಯಾಕಂದ್ರೆ ನನ್ನ ತುಟಿಯನ್ನ ದಿನಾ ಓದೋರು ಒಬ್ಬರಿದ್ದಾರೆ. ನಮ್ಮಕ್ಕ. ಅವಳಿಗೆ ಕಿವಿ ಕೇಳಲ್ಲ.

ಚಿಕ್ಕಂದಿನಲ್ಲಿ ಯಾವುದೋ ಜ್ವರ ಬಂದು ಅಕ್ಕನ ಕಿವಿ ಹೋಯ್ತು, ಮಾತು ಉಳೀತು. ಅವತ್ತೇ ಅಮ್ಮ ಮನೇಲಿ ಒಂದು ಕಟ್ಟಳೆ ಮಾಡಿದಳು. ಇವಳಿಗೆ ಯಾರೂ ಚೀಟಿ ಬರೆದು ತೋರಿಸಬಾರದು, ಕೈಸನ್ನೆ ಮಾಡಬಾರದು. ದೀಪ ಹಾಕಿ, ಎದುರಿಗೆ ಕೂತು, ಮುಖ ಕೊಟ್ಟು ಮಾತಾಡಬೇಕು. ಹಾಗೇ ಅಕ್ಕ ತುಟಿ ಓದೋದು ಕಲಿತಳು. ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು, ಕಟ್ಟಳೆ ಮಾತ್ರ ಹಾಗೇ ಇದೆ. ಈಗಲೂ ಮುಖ್ಯವಾದ ಮಾತು ಇದ್ದರೆ ಹಟ್ಟ ಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡು ಕೂರ್ತೀವಿ. ಯಾರಾದ್ರೂ ಚೀಟಿ ಕೊಟ್ಟರೆ ಅಕ್ಕ ಓದದೇನೇ ಹರಿದು ಬಿಸಾಕ್ತಾಳೆ. ಜಗಳ ಸಾಕು ಅನ್ನಿಸಿದರೆ ಕಣ್ಣು ಮುಚ್ಚಿಬಿಡ್ತಾಳೆ. ಮುಗೀತು! ಆಮೇಲೆ ನಾನು ಗಂಟಲು ಹರಕೊಂಡರೂ ಗೋಡೆಗೆ ಹೇಳಿದ ಹಾಗೇ. ನನಗೋ ಮೂಗಿನ ತುದೀಲಿ ಕೋಪ. ಎಷ್ಟು ಜಗಳ ನನ್ನ ಹೊಟ್ಟೆಯೊಳಗೇ ಜೀರ್ಣ ಆಗಿದೆಯೋ ದೇವರಿಗೇ ಗೊತ್ತು.

ನಮ್ಮದು ಕಿಟಕಿ ಪರದೆ ಹೊಲಿಯೋ ಅಂಗಡಿ. ನಾನು ಮುಂದೆ ಗಲ್ಲಾ ಹತ್ತಿರ, ಅಕ್ಕ ಒಳಗೆ ಬಟ್ಟೆ ಕತ್ತರಿಸೋ ದೊಡ್ಡ ಮೇಜಿನ ಹತ್ತಿರ, ಅವಳ ಹಿಂದೆ ಮಷೀನಿಗೆ ಕೂತ ಹೊಲಿಯೋರು, ನಮ್ಮಿಬ್ಬರ ನಡುವೆ ಗಾಜಿನ ಗೋಡೆ. ಗಿರಾಕಿ ಅಳತೆ ಹೇಳ್ತಾ ಇದ್ದ ಹಾಗೇ ನಾನು ಗಾಜಿನ ಕಡೆ ತಿರುಗಿ ದನಿಯಿಲ್ಲದೆ ಬರೀ ತುಟಿಯಲ್ಲಿ ಅಕ್ಕನಿಗೆ ದಾಟಿಸ್ತೀನಿ. ಅಳತೆ ಜೊತೆಗೆ ಒಂದಿಷ್ಟು ಉಪ್ಪು ಖಾರ ಕೂಡ. ‘ಈ ಯಮ್ಮ ಹೋದ ಸಲ ಬಣ್ಣ ಬಿಟ್ಟಿದೆ ಅಂತ ವಾಪಸ್ ತಂದಿದ್ದಳಲ್ಲ, ಅವಳೇ ಕಣೇ.’ ‘ಈ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಪರದೆ ನೆಪ ಅಷ್ಟೇ.’ ಗಿರಾಕಿ ಪಕ್ಕದಲ್ಲೇ ನಿಂತಿರ್ತಾರೆ, ನಾನು ಏನೋ ಅಗೀತಾ ಇದ್ದೀನಿ ಅಂದುಕೊಳ್ತಾರೆ. ಒಳಗೆ ಅಕ್ಕ ಕತ್ತರಿ ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿರ್ತಾಳೆ. ನನ್ನ ಗಂಡ ತೀರಿಕೊಂಡು ನಾನು ಅಕ್ಕನ ಮನೆಗೆ ಬಂದು ಸೇರಿದ ದಿನದಿಂದ ನಮ್ಮ ಬದುಕು ನಡೆದದ್ದೇ ಹೀಗೆ.

ಇದರ ನಡುವೆ ಕಂಬಿಯವರು ಬಾಯಿ ಬಿಟ್ಟರು.

ಕಂಬಿಯವರು ಅಂದ್ರೆ ನಮ್ಮ ಅಂಗಡಿಗೆ ಪರದೆ ಕಂಬಿ ತಂದುಕೊಡೋರು. ಗಿರಾಕಿ ಮನೆಗೆ ಹೋಗಿ ಗೋಡೆ ಕೊರೆದು ಕೂರಿಸಿ ಬರೋರೂ ಅವರೇ. ಐವತ್ತು ದಾಟಿದೆ, ಮದುವೆ ಆಗಿಲ್ಲ. ಆವತ್ತು ಅವರು ಏಣಿ ಮೇಲಿದ್ದರು, ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಗೋಡೆ ಕಡೆ ಮುಖ ಇಟ್ಟುಕೊಂಡೇ, “ನೀವು ಒಪ್ಪೋದಾದ್ರೆ ಮದುವೆ ಆಗೋಣ” ಅಂದರು. ನಾನು ಏಣಿ ಬಿಟ್ಟೆ. ಅವರು ಬೀಳಲಿಲ್ಲ, ಪುಣ್ಯ. ಕೆಳಗಿಳಿದು ಬಂದು ತಾವೇ ನಮ್ಮ ಮನೆಗೆ ಬಂದು ಇರ್ತೀನಿ, ಅಕ್ಕನವರನ್ನ ಒಂಟಿ ಮಾಡೋ ಮಾತೇ ಇಲ್ಲ ಅಂದರು. ಇಷ್ಟು ಹೇಳೋಕೆ ಎಷ್ಟು ತಿಂಗಳಿಂದ ಬಾಯಿಪಾಠ ಮಾಡಿದ್ದರೋ ಪಾಪ.

ನನಗೆ ಒಪ್ಪಿಗೆ ಇತ್ತು. ನಾಚಿಕೆ ಬಿಟ್ಟು ಹೇಳ್ತೀನಿ, ಬಹಳ ಇತ್ತು. ಆದರೆ ಅಕ್ಕನನ್ನ ಕೇಳದೆ ನಾನು ಒಂದು ಚಪ್ಪಲಿ ಕೂಡ ಕೊಂಡವಳಲ್ಲ. ಅವಳು ಹೂಂ ಅಂದರೆ ಮದುವೆ, ಉಹೂಂ ಅಂದರೆ ಇಲ್ಲ. ಅದರಲ್ಲಿ ಎರಡು ಮಾತಿಲ್ಲ.

ಮನೆಗೆ ಬಂದೆ. ಟ್ಯೂಬ್‌ಲೈಟ್ ಹಾಕಿದೆ. ಅಕ್ಕ ಎದುರಿಗೆ ಕೂತಳು.

“ಅಕ್ಕಾ, ಕಂಬಿಯವರು ನನ್ನ ಮದುವೆ ಆಗ್ತೀನಿ ಅಂತಿದ್ದಾರೆ. ಆಗ್ಲಾ?”

ಅಕ್ಕ ನನ್ನ ತುಟಿಯನ್ನೇ ನೋಡಿದಳು. ಆಮೇಲೆ ತನ್ನ ಮೊಂಡು ದನಿಯಲ್ಲಿ, “ಅರ್ಥ ಆಗಲಿಲ್ಲ ಪುಟ್ಟಿ” ಅಂದಳು. ಅಕ್ಕನ ದನಿ ಏರಲ್ಲ, ಇಳಿಯಲ್ಲ. ಹೊರಗಿನವರು ಒಂದು ಸಲ ನಕ್ಕಿದ್ದಕ್ಕೆ ಅದನ್ನ ಮನೆಯಾಚೆ ತೆಗೆಯೋದೇ ಬಿಟ್ಟಿದ್ದಾಳೆ.

ಇನ್ನೊಂದು ಸಲ ಹೇಳಿದೆ. ಬಿಡಿಸಿ ಬಿಡಿಸಿ ಹೇಳಿದೆ. “ಏನೋ ಪುಟ್ಟಿ, ತುಟಿ ಸರಿಯಾಗಿ ಕಾಣ್ತಾ ಇಲ್ಲ” ಅಂತ ಎದ್ದು ಹೋಗಿ ಒಲೆ ಮೇಲೆ ಹಾಲಿಟ್ಟಳು.

ಮರುದಿನ ಮತ್ತೆ ಕೇಳಿದೆ, ಅದೇ ಉತ್ತರ. ಆ ವಾರದಲ್ಲೇ ಒಂದು ಪರದೆ ಅಳತೆ ತಪ್ಪಿ ಗಿಡ್ಡ ಆಯ್ತು. ‘ನೀನು ಹಾಗೇ ಅಂದೆ’ ಅಂದಳು, ‘ನಾನು ಅನ್ನಲಿಲ್ಲ’ ಅಂದೆ. ಬರೆದು ಕೊಡೋ ಹಾಗಿಲ್ಲ. ಬರೆಯೋ ಹಾಗಿದ್ದರೂ ಇಂಥ ಮಾತನ್ನ ಒಡಹುಟ್ಟಿದ ಅಕ್ಕನಿಗೆ ಬರೆದು ಕೊಡೋದಾ? ಬೇರೆಯವರ ಬಾಯಲ್ಲಿ ಹೇಳಿಸೋದಾ? ಅಯ್ಯೋ ರಾಮ, ಜೀವ ಹೋದರೂ ಆಗಲ್ಲ.

ಪಕ್ಕದ ಅಂಗಡಿ ಬ್ಯೂಟಿ ಪಾರ್ಲರ್. ಅದರ ಒಡತಿಗೆ ಹೇಳಿಕೊಂಡೆ, ಅವಳು ನನ್ನನ್ನ ಕುರ್ಚಿಯಲ್ಲಿ ಕೂರಿಸಿ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

“ಅಕ್ಕನಿಗೆ ಯಾಕೆ ಕಾಣುತ್ತೆ ಹೇಳಿ? ನಿಮಗೆ ಮೇಲ್ತುಟಿ ಅನ್ನೋದು ಇದ್ದರೆ ತಾನೆ? ಅಂಚೇ ಇಲ್ಲ. ಚರ್ಮ ಎಲ್ಲಿ ಮುಗೀತು, ತುಟಿ ಎಲ್ಲಿ ಶುರು ಆಯ್ತು ಅಂತ ನನಗೇ ತಿಳೀತಿಲ್ಲ.”

ಕೆಂಪಗೆ ಲಿಪ್‌ಸ್ಟಿಕ್ ಬಳಿದು ಕಳಿಸಿದಳು. ಮನೆಗೆ ಹೋಗಿ ದೀಪ ಹಾಕಿ, ಮತ್ತೆ ಕೇಳಿದೆ. ಅಕ್ಕ ತುಂಬ ಹೊತ್ತು ನೋಡಿದಳು.

“ಹಲ್ಲಿಗೆ ಹತ್ತಿದೆ” ಅಂದಳು.

“ಅದು ಬಿಡೇ, ನಾನು ಕೇಳಿದ್ದು?”

“ಅರ್ಥ ಆಗಲಿಲ್ಲ.”

ಬಣ್ಣ ಹಚ್ಚಿದರೂ ಓದೋಕೆ ಆಗಲಿಲ್ಲ ಅಂದ ಮೇಲೆ ತುಟಿಯದ್ದೇ ದೋಷ ಅಂತ ತೀರ್ಮಾನ ಮಾಡಿದೆ. ಪಾರ್ಲರ್‌ನವಳು ಒಂದು ಕ್ಲಿನಿಕ್ಕಿನ ವಿಳಾಸ ಕೊಟ್ಟಳು. ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಸಮಾಧಾನದ ಹೆಣ್ಣು. ಕನ್ನಡಿ ನನ್ನ ಕೈಗೆ ಕೊಟ್ಟು ಒಂದೊಂದಾಗಿ ವಿವರಿಸಿದಳು. ಫಿಲ್ಲರ್ ಅಂದ್ರೆ ತುಟಿಯೊಳಗೆ ಜೆಲ್ ತುಂಬೋದು. ದಪ್ಪ ಆಗುತ್ತೆ, ಅಂಚು ಎದ್ದು ಕಾಣುತ್ತೆ, ಆದರೆ ತಿಂಗಳುಗಳು ಕಳೆದ ಹಾಗೆ ಕರಗುತ್ತೆ, ಮತ್ತೆ ಬರಬೇಕು. ಇನ್ನೊಂದು ಲಿಪ್ ಫ್ಲಿಪ್. ಮೇಲ್ತುಟಿಯ ಸ್ನಾಯುವಿಗೆ ಸಣ್ಣ ಸೂಜಿ ಹಾಕಿ ಸಡಿಲ ಮಾಡೋದು, ತುಟಿ ತಾನೇ ಹೊರಗೆ ಮಗುಚಿಕೊಳ್ಳುತ್ತೆ. ಮೂರನೇದು ಹಚ್ಚೆ ಥರ, ಸೂಜಿಯಲ್ಲಿ ಬಣ್ಣ ಕೂರಿಸೋದು. ದಪ್ಪ ಆಗಲ್ಲ, ಗೆರೆ ಚೊಕ್ಕ ಆಗುತ್ತೆ. ಇನ್ನು ಕೊನೇದು ಆಪರೇಷನ್, ಮೂಗಿನ ಕೆಳಗೆ ಒಂದು ಪಟ್ಟಿ ಚರ್ಮ ತೆಗೆದು ತುಟಿ ಮೇಲಕ್ಕೆ ಎತ್ತಿ ಹೊಲಿಯೋದು. ಹೊಲಿಗೆ ಅಂದ ಕೂಡಲೇ ನನಗೆ ಪರದೆ ಮಡಿಕೆ ನೆನಪಾಗಿ ಮೈ ಝುಂ ಅಂತು.

“ನಿಮಗೆ ಯಾವುದು ಬೇಕು?”

“ನನಗೆ ಸ್ಪಷ್ಟವಾಗಿ ಕಾಣಬೇಕು.”

“ಫೋಟೋದಲ್ಲಾ?”

“ಅಕ್ಕನಿಗೆ.”

ಅವಳು ಪೆನ್ನು ಕೆಳಗಿಟ್ಟಳು. ನಾನು ವಿಷಯ ಹೇಳಿದೆ, ಮದುವೆ ಮಾತೊಂದು ಬಿಟ್ಟು. ಆಮೇಲೆ ಶುರು ಆಯ್ತು ನೋಡಿ ನಿಜವಾದ ಗೊಂದಲ. ಫಿಲ್ಲರ್ ಹಾಕಿಸಿದರೆ ಕೆಲವು ದಿನ ಊದಿಕೊಂಡಿರುತ್ತೆ, ಆಗ ಅಕ್ಕನಿಗೆ ಓದೋಕೆ ಕಷ್ಟ ಆಗಬಹುದು. ಫ್ಲಿಪ್ ಮಾಡಿಸಿದರೆ ಪ, ಬ, ಮ ಹೇಳುವಾಗ ತುಟಿ ಬಿಗಿಯಾಗಿ ಮುಚ್ಚೋದು ಸ್ವಲ್ಪ ದಿನ ಕಷ್ಟ, ಸ್ಟ್ರಾ ಹಾಕಿ ಕುಡಿಯೋಕೂ ಆಗದಿರಬಹುದು. ಬಣ್ಣ ಕೂರಿಸಿದರೆ ಸಿಪ್ಪೆ ಏಳುತ್ತೆ. ಅದು ಉದುರೋವರೆಗೆ ಹೆಚ್ಚು ಬಾಯಾಡಿಸದಿದ್ದರೆ ಒಳ್ಳೆಯದು. ನಾನು ಬಾಯಾಡಿಸದೆ ಇರೋದಾ! ಅದಾಗೋ ಹೋಗೋ ಮಾತಲ್ಲ.

“ತುಟಿ ಓದೋರಿಗೆ ಯಾವುದು ಒಳ್ಳೇದು ಅಂತ ನನಗೂ ಗೊತ್ತಿಲ್ಲ” ಅಂತ ಡಾಕ್ಟರಮ್ಮ ನಿಜ ಒಪ್ಪಿಕೊಂಡಳು. “ನಿಮ್ಮ ಅಕ್ಕನನ್ನೇ ಕರ್ಕೊಂಡು ಬನ್ನಿ. ಪೆನ್ಸಿಲ್‌ನಲ್ಲಿ ಬೇರೆ ಬೇರೆ ಆಕಾರ ಬರೆದು ನೋಡೋಣ. ಅವರೇ ಹೇಳಲಿ.”

ತಲೆ ಮೊಸರು ಗಡಿಗೆ ಆಗಿತ್ತು. ದಾರಿಯಲ್ಲಿ ಹೋಗೋ ಬರೋರ ತುಟಿಯನ್ನೇ ನೋಡ್ತಾ ನಡೆದೆ. ಬಸ್ಸಿನಲ್ಲಿ ಒಬ್ಬರು, “ಏನಮ್ಮಾ, ನನ್ನ ಬಾಯಲ್ಲಿ ಏನಿದೆ?” ಅಂತ ಕೇಳಿಯೇಬಿಟ್ಟರು. ಒಂದು ದಿನ ಫಿಲ್ಲರ್ ಅನ್ನಿಸ್ತಿತ್ತು, ಮರುದಿನ ಬಣ್ಣ. ಸೊಂಟದ ಮೇಲೆ ಕೈ ಇಟ್ಟುಕೊಂಡು ಪಾರ್ಲರ್‌ನವಳು ದಿನಕ್ಕೊಂದು ಸಲಹೆ. ಕಂಬಿಯವರನ್ನೂ ಕೇಳಿದೆ. “ತುಟಿ ಚೆನ್ನಾಗಿ ಮಾಡಿಸೋಣ ಅಂತಿದ್ದೀನಿ, ದಪ್ಪ ಒಳ್ಳೇದಾ, ಗೆರೆ ಒಳ್ಳೇದಾ?” ಅವರ ಮುಖ ಸಪ್ಪಗಾಯ್ತು. “ನನಗೆ ಅದೆಲ್ಲ ತಿಳಿಯಲ್ಲ” ಅಂದು ಕಂಬಿ ಹೊತ್ತುಕೊಂಡು ಹೊರಟೇಬಿಟ್ಟರು. ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ತಲೆಗೆ ಹೋಗುತ್ತೆ ಅಂದುಕೊಂಡೆ.

ಅಕ್ಕನನ್ನ ಕ್ಲಿನಿಕ್ಕಿಗೆ ಹೊರಡಿಸೋಕೆ ಸಾಕು ಸಾಕಾಯ್ತು. “ನಿನ್ನ ತುಟಿಗೆ ಏನಾಗಿದೆ?” ಅಂದಳು. “ನಿನಗೇ ಕಾಣ್ತಿಲ್ಲವಲ್ಲ, ಅದಕ್ಕೇ” ಅಂದೆ. ಅವಳು ಎದ್ದು ಚಪ್ಪಲಿ ಮೆಟ್ಟಿದಳು.

ಡಾಕ್ಟರಮ್ಮ ನನ್ನನ್ನ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅಕ್ಕನನ್ನ ಕೋಣೆಯ ಆ ತುದಿಗೆ ಕೂರಿಸಿದಳು. ಮೊದಲು ಬರೀ ತುಟಿಯಲ್ಲಿ ನಾಲ್ಕು ಮಾತು ಹೇಳಿ, ಆಮೇಲೆ ಗೆರೆ ಬರೆದು ಹೋಲಿಸೋಣ ಅಂದಳು. ನಾನು ದನಿಯಿಲ್ಲದೆ ಹೇಳಿದೆ, “ಈ ಕುರ್ಚಿ ನಮ್ಮ ಅಂಗಡಿಯ ಮುರುಕು ಸ್ಟೂಲಿಗಿಂತ ಗಟ್ಟಿ ಇದೆ.”

ಅಕ್ಕ ಪಟ್ ಅಂತ ಎದ್ದು ಬಂದು ಅದನ್ನೇ ನನ್ನ ಕಿವಿಯಲ್ಲಿ ಮೆಲ್ಲಗೆ ಒಪ್ಪಿಸಿದಳು, ನಾನು ಡಾಕ್ಟರಮ್ಮನಿಗೆ ದಾಟಿಸಿದೆ.

“ನಾಳೆ ಒಂಬತ್ತು ಅಡಿಯ ನೀಲಿ ಪರದೆ ಕೊಡಬೇಕು, ಒಳಗೆ ಹಾಕೋ ಅಸ್ತರು ಸಾಕಾಗಲ್ಲ.” ನಾನು ಹೀಗಂದೆ, ಅದನ್ನೂ ಸರಿಯಾಗಿ ಒಪ್ಪಿಸಿದಳು. ಡಾಕ್ಟರಮ್ಮ ತಾನೇ ಏನೋ ಅಂದಳು, ಅದನ್ನೂ ಓದಿದಳು. ಬಾಗಿಲ ಗಾಜಿನಾಚೆ ರಿಸೆಪ್ಷನ್ನಿನ ಹುಡುಗಿ ಫೋನಿನಲ್ಲಿ ಮಾತಾಡ್ತಿದ್ದಳು. ಅಕ್ಕ ಆ ಕಡೆ ಕಣ್ಣು ಹಾಯಿಸಿ, “ಆ ಹುಡುಗಿಗೆ ನಾಳೆ ರಜೆ ಬೇಕಂತೆ, ಹೊಟ್ಟೆನೋವು ಅಂತ ಸುಳ್ಳು ಹೇಳ್ತಾಳಂತೆ” ಅಂದಳು. ನಾನು ಅದನ್ನ ದಾಟಿಸಿದಾಗ ಡಾಕ್ಟರಮ್ಮನಿಗೆ ನಗು ತಡೆಯೋಕೆ ಆಗಲಿಲ್ಲ.

ಆದರೂ ಬಂದದ್ದಕ್ಕೆ ಅಂತ ಬಿಳಿ ಪೆನ್ಸಿಲ್‌ನಲ್ಲಿ ಅಂಚು ಬರೆದು ಒಳಗೆ ಬಣ್ಣ ತುಂಬಿದಳು. ಕನ್ನಡಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಫೋಟೋದಲ್ಲಿದ್ದ ಆ ಹುಡುಗಿ ಎಲ್ಲಿಂದಲೋ ಬಂದು ಇಣುಕಿ ನೋಡಿದ ಹಾಗಿತ್ತು. ಒಂದು ಗಳಿಗೆ ಅಕ್ಕನೂ ಮರೆತುಹೋದಳು, ಮದುವೆಯೂ ಮರೆತುಹೋಯ್ತು.

“ನಿಮ್ಮ ಅಕ್ಕನಿಗೆ ಈ ತುಟಿಯಾದರೂ ಒಂದೇ, ಆ ತುಟಿಯಾದರೂ ಒಂದೇ” ಅಂದಳು ಡಾಕ್ಟರಮ್ಮ. “ಅವರು ಎಲ್ಲವನ್ನೂ ಓದ್ತಾರೆ. ನಿಮಗೆ ಆಸೆ ಇದ್ದರೆ ಮಾಡಿಸಿಕೊಳ್ಳಿ. ಆದರೆ ಅವರಿಗೋಸ್ಕರ ಅಂತ ಏನೂ ಬೇಡ.”

ನನಗೆ ತಲೆ ಬುಡ ಅರ್ಥ ಆಗಲಿಲ್ಲ. ಹಾಗಾದರೆ ಮನೇಲಿ ಯಾಕೆ ಕಾಣಲ್ಲ? ದೀಪ ಕಡಿಮೆಯಾ? ನಾನು ಮನೇಲಿ ಬೇರೆ ಥರ ಮಾತಾಡ್ತೀನಾ? ಅಕ್ಕನ ಮುಖ ನೋಡಿದೆ. ಅವಳು ಕಣ್ಣು ತಪ್ಪಿಸಿ ಬ್ಯಾಗಿನ ಜಿಪ್ಪು ಎಳೀತಿದ್ದಳು. ಆಗ ಮೈಯೆಲ್ಲ ಉರಿದುಹೋಯ್ತು. ಕುರ್ಚಿಯಿಂದ ಇಳಿದು ಅವಳೆದುರಿಗೇ ನಿಂತು, ಬ್ಯಾಗು ಕಿತ್ತುಕೊಂಡು, ಡಾಕ್ಟರಮ್ಮ ಇದ್ದಾಳೆ ಅನ್ನೋದನ್ನೂ ನೋಡದೆ, ಗಟ್ಟಿಯಾಗೇ ಕೇಳಿದೆ.

“ಕಂಬಿಯವರನ್ನ ನಾನು ಮದುವೆ ಆಗ್ಲಾ?”

ಅಕ್ಕ ಕಣ್ಣು ಮುಚ್ಚಿದಳು.

ಅಷ್ಟು ಸಾಕಾಯ್ತು ನನಗೆ. ಬೇಕಂತಲೇ! ಇಷ್ಟು ದಿನ ಬೇಕಂತಲೇ! ನಾನು ಊದಿಸ್ಕೊಳ್ಳೋದಾ, ಹೊಲಿಸ್ಕೊಳ್ಳೋದಾ ಅಂತ ಊರೆಲ್ಲ ಅಲೀತಿದ್ದರೆ ಇವಳು ಒಲೆ ಮೇಲೆ ಹಾಲಿಟ್ಟುಕೊಂಡು ಕೂತಿದ್ದಾಳೆ. ಹಿಡಿದು ಅಲ್ಲಾಡಿಸಬೇಕು ಅನ್ನಿಸ್ತು, ಅಳು ಬಂತು. ಮುಚ್ಚಿದ ಕಣ್ಣಿಗೆ ಏನು ಹೇಳೋದು? ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಕಾದೆ. ಡಾಕ್ಟರಮ್ಮ ಪಾಪ, ಹತ್ತಿ ಡಬ್ಬಿ ತೆಗೆಯೋದು, ಮುಚ್ಚೋದು ಮಾಡ್ತಿದ್ದಳು.

ಕೊನೆಗೆ ಅಕ್ಕ ಕಣ್ಣು ಬಿಟ್ಟಳು. ಹೊರಗಿನವರ ಮುಂದೆ ಎಂದೂ ತೆಗೆಯದ ದನಿ ತೆಗೆದಳು.

“ಮೊದಲನೇ ದಿನವೇ ಅರ್ಥ ಆಯ್ತು ಪುಟ್ಟಿ.”

“ಮತ್ತೆ ಯಾಕೆ ಹೀಗೆ ಆಟ ಆಡಿಸಿದೆ? ಬೇಡ ಅಂದಿದ್ದರೆ ಬಿಡ್ತಿದ್ದೆ!”

“ಬೇಡ ಅನ್ನೋಕೆ ನಾನು ಯಾರು? ನಿನಗೆ ಅವರ ಮೇಲೆ ಮನಸ್ಸಿದೆ. ಅವರು ಬಂದರೆ ನೀನು ಕೂದಲು ಸರಿ ಮಾಡ್ಕೊಳ್ತೀಯ.” ನನ್ನ ಕೈಯಿಂದ ಬ್ಯಾಗು ವಾಪಸ್ ತಗೊಂಡಳು. “ಅವರ ಬಾಯಿ ನನಗೆ ಕಾಣಲ್ಲ. ಅಷ್ಟು ದಪ್ಪ ಮೀಸೆ. ಇಷ್ಟು ವರ್ಷದಲ್ಲಿ ಅವರು ಆಡಿದ ಒಂದು ಮಾತೂ ನನಗೆ ಗೊತ್ತಿಲ್ಲ.”

ಮೀಸೆ! ನಿಮಗೂ ನಾನು ಆ ಮೀಸೆ ವಿಷಯ ಇಲ್ಲಿಯವರೆಗೆ ಹೇಳಲೇ ಇಲ್ಲ ನೋಡಿ. ಕೆಳತುಟಿಯವರೆಗೆ ಇಳಿಬಿಟ್ಟ ಪೊದೆಯಂಥ ಮೀಸೆ. ನನಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ, ನನಗೆ ಕಿವಿ ಇದೆಯಲ್ಲ.

“ಅವರು ಮನೆಗೆ ಬರ್ತಾರೆ” ಅಂದಳು ಅಕ್ಕ. “ನೀವಿಬ್ಬರೂ ಮಾತಾಡ್ತೀರಿ. ನಿನ್ನ ಅರ್ಧ ನಾನು ಓದ್ತೀನಿ. ಅವರ ಅರ್ಧ ಏನು ಅಂತ ಊಟದ ಹೊತ್ತಿನಲ್ಲಿ, ಮಲಗೋ ಹೊತ್ತಿನಲ್ಲಿ, ದಿನಾ ನಿನ್ನ ಕೇಳಬೇಕು. ಮೊದಮೊದಲು ಹೇಳ್ತೀಯ. ಆಮೇಲೆ ‘ಏನಿಲ್ಲ ಬಿಡಕ್ಕಾ’ ಅಂತೀಯ. ಬೀದೀಲಿ ನಾನು ಕಿವುಡಿ, ಅಂಗಡೀಲಿ ಕಿವುಡಿ. ಮನೇಲಿ ಮಾತ್ರ ಅಲ್ಲ. ಅದೊಂದು ಜಾಗ ಉಳಿಸಿಕೊಳ್ಳೋಣ ಅಂತ ಅನ್ನಿಸ್ತು ಪುಟ್ಟಿ.”

ನನ್ನ ಕೋಪ ಎಲ್ಲಿ ಇಳಿದುಹೋಯ್ತೋ ತಿಳಿಯಲಿಲ್ಲ. ಅವಳ ಹೆಗಲಿಗೆ ಮುಖ ಒತ್ತಿದೆ. ಡಾಕ್ಟರಮ್ಮ ಕಷ್ಟಪಟ್ಟು ಬರೆದ ತುಟಿ ಅಕ್ಕನ ಬಟ್ಟೆಗೆ ಅಂಟಿಕೊಂಡು ಹಾಳಾಯ್ತು.

ಮರುದಿನ ಕಂಬಿಯವರು ಅಂಗಡಿಗೆ ಬಂದಾಗ ನಾನು ಹಗುರವಾಗಿಯೇ ಹೇಳಿದೆ. “ನೋಡಿ, ಅಕ್ಕನದು ಏನೂ ಅಡ್ಡಿ ಇಲ್ಲ. ನೀವು ಆ ಮೀಸೆ ಒಂದು ತೆಗೆಸಿಬಿಡಿ, ಎಲ್ಲ ಸರಿಹೋಗುತ್ತೆ.” ನನಗೆ ಅದು ಎಷ್ಟರ ಮಾತು? ಕೂದಲು. ಬೇಡ ಅನ್ನಿಸಿದರೆ ಮತ್ತೆ ಬೆಳೆಯುತ್ತೆ.

ಅವರು ಬಿಳಿಚಿಕೊಂಡರು. ಕೈ ತಾನಾಗಿಯೇ ಬಾಯಿ ಮೇಲೆ ಹೋಯ್ತು. “ಅದೊಂದು ಆಗಲ್ಲ” ಅಂದರು. “ಬೇರೆ ಏನಾದರೂ ಕೇಳಿ.” ಡ್ರಿಲ್ಲಿಂಗ್ ಮಷೀನು ನಮ್ಮ ಗಲ್ಲಾ ಮೇಲೇ ಬಿಟ್ಟು ಹೊರಟುಹೋದರು.

ಆಮೇಲೆ ಬರಲೇ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಅವರು ಕೂರಿಸಬೇಕಿದ್ದ ಕಂಬಿಗಳು ಮೂಲೆಯಲ್ಲಿ ಹಾಗೇ ಒರಗಿಕೊಂಡಿದ್ದವು, ಗಿರಾಕಿಗಳು ಬಂದು ಬೈದು ಹೋದರು. “ಗಂಡಸಿನ ಹತ್ರ ಹೋಗಿ ಮೀಸೆ ಕೇಳೋದಾ? ನಿಮಗೆ ಬುದ್ಧಿ ಎಲ್ಲಿ ಹೋಗಿತ್ತು?” ಅಂದಳು ಪಾರ್ಲರ್‌ನವಳು. ಮೊದಲು ನನಗೆ ಸಿಟ್ಟು ಬಂತು. ಒಂದು ಹಿಡಿ ಕೂದಲಿಗಿಂತ ನಾನು ಕಡೆಯಾ? ಆಮೇಲೆ ದುಃಖ. ಆಮೇಲೆ ಬರೀ ಗೊಂದಲ. ಈ ಮನುಷ್ಯ ನಮ್ಮ ಮನೆಗೇ ಬಂದು ಇರ್ತೀನಿ ಅಂದವರು, ಅಕ್ಕನ ಮಾತು ಬಂದಾಗಲೆಲ್ಲ ‘ಅವರು ನನಗೂ ದೊಡ್ಡವರು’ ಅಂದವರು, ಒಂದು ಮೀಸೆಗೆ ಹೀಗೆ ಮಾಡಿದರಲ್ಲ, ಯಾಕೆ? ಎಷ್ಟು ಯೋಚಿಸಿದರೂ ದಿಕ್ಕು ತೋಚಲಿಲ್ಲ.

ಅಕ್ಕ ನನಗಿಂತ ಇಳಿದುಹೋದಳು. “ನಾನು ಹೇಳಬಾರದಿತ್ತು” ಅಂತ ಅದನ್ನೇ ಹೇಳಿದಳು. ಕತ್ತರಿಸುವಾಗ ಬಟ್ಟೆ ಮೇಲೆ ಸೀಮೆಸುಣ್ಣ ಎಳೆದು, ಅಳಿಸಿ, ಮತ್ತೆ ಎಳೆದು ಕೂರ್ತಿದ್ದಳು. ಗಾಜಿನ ಈ ಕಡೆಯಿಂದ ನಾನು ಒಂದು ಚಾಡಿ ಮಾತೂ ದಾಟಿಸಲಿಲ್ಲ. ಅಂಗಡಿ ತುಂಬ ಮಷೀನಿನ ಸದ್ದು, ಅಷ್ಟೇ.

ಒಂದು ದಿನ ಮಧ್ಯಾಹ್ನ, ಊಟದ ಹೊತ್ತು, ಹೊಲಿಯೋರೆಲ್ಲ ಹೊರಗೆ ಹೋಗಿದ್ದರು. ಕಂಬಿಯವರು ಬಂದರು. ಬಾಯಿಗೆ ಅಡ್ಡ ಕರ್ಚೀಫು ಹಿಡಿದಿದ್ದರು. ಹಲ್ಲುನೋವು ಅಂದುಕೊಂಡೆ.

“ಅಕ್ಕನವರನ್ನ ಕರೀರಿ” ಅಂದರು.

ಕರೆದೆ. ಅಕ್ಕ ಕತ್ತರಿ ಕೆಳಗಿಟ್ಟು ಬಂದು ನಿಂತಳು. ಕಂಬಿಯವರು ಅಂಗಡಿಯ ಎಲ್ಲ ದೀಪದ ಸ್ವಿಚ್ಚನ್ನೂ ತಾವೇ ಹಾಕಿದರು. ಆಮೇಲೆ ಕರ್ಚೀಫು ತೆಗೆದರು.

ಮೀಸೆ ಇರಲಿಲ್ಲ. ಮೂಗಿನ ಎಡ ಹೊಳ್ಳೆಯಿಂದ ತುಟಿಯವರೆಗೆ ಒಂದು ದಪ್ಪ ಹೊಲಿಗೆ ಗುರುತು ಇಳಿದಿತ್ತು. ಹುಟ್ಟುವಾಗಲೇ ಸೀಳಿದ್ದ ತುಟಿ, ಎಂದೋ ಯಾರೋ ಅವಸರದಲ್ಲಿ ಹೊಲಿದದ್ದು. ಆ ಕಡೆ ತುಟಿ ಮೇಲಕ್ಕೆ ಎಳೆದುಕೊಂಡು ಒಂದು ಹಲ್ಲಿನ ಅಂಚು ಕಾಣ್ತಿತ್ತು. ಬಿಸಿಲು ಕಾಣದ ಆ ಜಾಗ ಮಗುವಿನ ಚರ್ಮದ ಹಾಗೆ ತಿಳಿಯಾಗಿತ್ತು. ನನಗೆ ಜೀವ ಬಾಯಿಗೆ ಬಂತು. ಹೆದರಿಕೆಗಲ್ಲ. ಎಂಥ ಮಾತನ್ನ ಎಷ್ಟು ಹಗುರವಾಗಿ ಕೇಳಿಬಿಟ್ಟೆನಲ್ಲ ಅಂತ.

ಅವರು ನನ್ನ ಕಡೆ ನೋಡಲಿಲ್ಲ. ನೆಲ ನೋಡಿಕೊಂಡು ನನಗೇ ಹೇಳಿದರು. “ಮೀಸೆ ಬಂದ ವಯಸ್ಸಿನಿಂದ ಇದನ್ನ ಯಾರಿಗೂ ತೋರಿಸಿಲ್ಲ. ನೀವು ತುಟಿ ಚೆನ್ನಾಗಿ ಮಾಡಿಸ್ತೀನಿ, ಯಾವುದು ಒಳ್ಳೇದು ಅಂತ ಕೇಳಿದ್ರಿ. ಚೆಂದದ ತುಟಿಗೆ ಅಷ್ಟು ಆಸೆಪಡೋರು ಇದನ್ನ ನೋಡಿದರೆ ಏನನ್ನಬಹುದು ಅಂತ...”

“ಅಯ್ಯೋ ನಿಮ್ಮ! ಅದು ನನಗೋಸ್ಕರ ಅಲ್ಲ ಕಣ್ರೀ!” ಅಂದೆ. ಅದೂ ಪೂರ್ತಿ ನಿಜ ಅಲ್ಲ, ಆ ಕನ್ನಡಿಯಲ್ಲಿ ನನಗೆ ಆಸೆ ಹುಟ್ಟಿತ್ತು. ಆದರೆ ಅದನ್ನ ವಿವರಿಸೋ ಹೊತ್ತು ಅದಲ್ಲ.

ಅವರು ತಲೆ ಎತ್ತಿ ಅಕ್ಕನ ಕಡೆ ತಿರುಗಿದರು. ಕರ್ಚೀಫನ್ನ ಜೇಬಿಗೆ ಹಾಕಿಕೊಂಡು ಎರಡೂ ಕೈ ಕೆಳಗೆ ಬಿಟ್ಟು ನಿಂತರು. ನಿಧಾನವಾಗಿ ಹೇಳಿದರು, “ನಾನು ನಿಮ್ಮ ತಂಗಿಯನ್ನ ಮದುವೆ ಆಗಬೇಕು ಅಂತಿದ್ದೀನಿ. ನಿಮ್ಮ ಮನೇಲಿ ನನಗೂ ಒಂದು ಜಾಗ ಕೊಡ್ತೀರಾ?”

ಅಕ್ಕ ಹತ್ತಿರ ಬಂದಳು. ಬಟ್ಟೆ ಪರೀಕ್ಷೆ ಮಾಡೋ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು. ಅವರ ತೋಳು ಹಿಡಿದು ದೀಪದ ಕಡೆ ಸ್ವಲ್ಪ ತಿರುಗಿಸಿ, ಇನ್ನೊಂದು ಸಲ ಹೇಳಿ ಅಂತ ತನ್ನ ಗಲ್ಲ ಎತ್ತಿದಳು. ಅವರು ಮತ್ತೆ ಹೇಳಿದರು. ಬೆವರು ಕಿವಿಯ ಪಕ್ಕ ಇಳೀತಿತ್ತು. ಅಕ್ಕನ ತುಟಿ ಅವರ ತುಟಿಯ ಹಿಂದೆ ಹಿಂದೆಯೇ ಸಣ್ಣಗೆ ಆಡಿತು, ನಾನು ಚಿಕ್ಕವಳಾಗಿದ್ದಾಗ ಅವಳು ಅಮ್ಮನ ಮುಂದೆ ಕೂತು ಕಲೀವಾಗ ಆಡ್ತಿದ್ದ ಹಾಗೆ.

ಆಮೇಲೆ ಅಂಗಡಿಯ ನಟ್ಟನಡುವೆ, ಬೀದಿ ಬಾಗಿಲು ತೆರೆದಿರುವಾಗಲೇ, ತನ್ನ ದನಿಯಲ್ಲಿ ಹೇಳಿದಳು.

“ಎಡಗಡೆ ಸ್ವಲ್ಪ ಹಿಂದೆ ಬೀಳುತ್ತೆ. ಕೆಲವು ಅಕ್ಷರ ತಪ್ಪಿಹೋಗುತ್ತೆ. ನನಗೆ ರೂಢಿ ಆಗಬೇಕು. ದಿನಾ ಮನೆಗೆ ಬನ್ನಿ, ನನ್ನ ಎದುರಿಗೆ ಕೂತು ಮಾತಾಡಿ.”

ಅಕ್ಕನ ಮಾತು ಕೇಳಿ ಅಭ್ಯಾಸ ಇಲ್ಲದ ಕಂಬಿಯವರಿಗೆ ಅದು ತಿಳಿಯಲಿಲ್ಲ. ಗಾಬರಿಯಾಗಿ ನನ್ನ ಕಡೆ ತಿರುಗಿದರು. “ಏನಂದ್ರು? ಬೇಡ ಅಂದ್ರಾ?”

ಉತ್ತರ ನನ್ನ ನಾಲಿಗೆ ತುದಿಗೆ ಬಂದಿತ್ತು. ಇವರಿಬ್ಬರ ಮಾತಿನ ನಡುವೆ ನಾನು ಬರಬಾರದು ಅಂತ ನುಂಗಿಕೊಂಡೆ. ತುಟಿ ಪಿಟಕ್ಕೆನ್ನದೆ, ಅಕ್ಕನನ್ನೇ ಕೇಳಿ ಅಂತ ಕೈ ತೋರಿಸಿದೆ. ಅವರು ಅವಳ ಕಡೆ ತಿರುಗಿ ಕೇಳಿದರು.